ಹಸಿರು ಬಟ್ಟೆ, ಹಸಿರು ಬಳೆ

ಕೇಳುಗರಿಗೆ ನಮಸ್ಕಾರ. ಮೊಬೈಲ್ ಹಿಡಿದು ಮನೆಯಲ್ಲೇ ವಿಡಿಯೋ ಮಾಡುವವರು ಈಗ ನಮ್ಮ ವಿಜಯಪುರದ ಓಣಿ ಓಣಿಯಲ್ಲೂ ಇದ್ದಾರೆ. ಅವರೆಲ್ಲ ನನ್ನನ್ನು ಮೊದಲು ಕೇಳುವುದು, ಗ್ರೀನ್ ಸ್ಕ್ರೀನ್‌ಗೆ ಎಷ್ಟು ಖರ್ಚು ಅಂತ. ಒಂದು ಹಸಿರು ಹತ್ತಿ ಬಟ್ಟೆಯ ಖರ್ಚು, ಅಷ್ಟೇ.

ಹಿಂದೆ ಹಸಿರು ಬಟ್ಟೆ ಕಟ್ಟಿ ನಿಲ್ಲುತ್ತೀರಿ. ಆಮೇಲೆ ವಿಡಿಯೋ ತಿದ್ದುವ ಆಪ್‌ನಲ್ಲಿ ಆ ಹಸಿರನ್ನು ತೆಗೆಯುತ್ತೀರಿ. ಹಸಿರು ಇದ್ದ ಕಡೆಯೆಲ್ಲ ಬೇರೆ ಚಿತ್ರ ಬಂದು ಕೂರುತ್ತದೆ. ನೀವು ಪಡಸಾಲೆಯಲ್ಲಿ, ಬೆನ್ನ ಹಿಂದೆ ಗೋಳಗುಮ್ಮಟ! ಹಸಿರೇ ಯಾಕೆ? ನಮ್ಮ ಮೈಬಣ್ಣದಿಂದ ಅದು ದೂರ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನಲ್ಲೂ ಒಂದು ಕೆಂಪು, ಒಂದು ನೀಲಿ ಚುಕ್ಕೆ ಇದ್ದರೆ ಹಸಿರಿನವು ಎರಡು. ಹಾಗಾಗಿ ಹಸಿರನ್ನು ಅದು ಚೆನ್ನಾಗಿ ಹಿಡಿಯುತ್ತದೆ.

ಈಗ ನನ್ನ ಮುಖ್ಯ ಮಾತು. ಆಪ್‌ಗೆ ಬಟ್ಟೆ ಯಾವುದು, ಮನುಷ್ಯ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಬಣ್ಣ ಮಾತ್ರ. ಅದಕ್ಕೇ ಬಟ್ಟೆಯ ತುಂಬ ಒಂದೇ ಹಸಿರು ಕಾಣಬೇಕು. ನಿಮ್ಮ ಮೈಮೇಲೆ ಆ ಹಸಿರು ಎಲ್ಲೂ ಇರಬಾರದು.

ಇಳಕಲ್ಲಿನಲ್ಲಿ ಒಬ್ಬ ಶಿಕ್ಷಕಿ. ಏಳನೇ ತರಗತಿ ಮಕ್ಕಳಿಗೆ ಚಾಲುಕ್ಯರ ಪಾಠ ಮಾಡಬೇಕಿತ್ತು, ಹಿಂದೆ ಬಾದಾಮಿಯ ಅಗಸ್ತ್ಯ ತೀರ್ಥದ ಹೊಂಡದ ಚಿತ್ರ ಇಟ್ಟುಕೊಂಡು. ನನ್ನನ್ನು ಕರೆದರು. ಹೋಗಿ ನೋಡಿದರೆ ಹೊಳೆಯುವ ಸ್ಯಾಟಿನ್ ಬಟ್ಟೆ ಕಟ್ಟಿದ್ದರು. ಬಲ್ಬಿನ ಬೆಳಕು ಬಿದ್ದ ಕಡೆ ಬೆಳ್ಳಗೆ, ಮಡಿಕೆ ಇದ್ದ ಕಡೆ ಕಪ್ಪಗೆ. ಅವರು ಬಟ್ಟೆಗೆ ಅಂಟಿಕೊಂಡೇ ನಿಂತಿದ್ದರು, ನೆರಳೂ ಅದರ ಮೇಲೇ. ಒಂದೇ ಹಸಿರು ಎಲ್ಲಿ ಉಳಿಯಿತು?

ಮೊದಲು ಸ್ಯಾಟಿನ್ ಬಿಚ್ಚಿ ಹತ್ತಿಯ ಬೆಡ್‌ಶೀಟ್ ಇಸ್ತ್ರಿ ಮಾಡಿ ಕಟ್ಟಿದೆವು. ನಾಲ್ಕೂ ಕಡೆ ಕ್ಲಿಪ್ ಹಾಕಿ ಬಿಗಿಯಾಗಿ ಎಳೆದೆವು. ಫ್ಯಾನ್ ನಿಲ್ಲಿಸಿದೆವು. ಅವರನ್ನು ಆರು ಅಡಿ ಮುಂದೆ ನಿಲ್ಲಿಸಿದೆ. ನೆರಳು ಬಟ್ಟೆ ಬಿಟ್ಟು ನೆಲಕ್ಕೆ ಬಂತು. ಕೂದಲ ಅಂಚಿಗೆ ಬಡಿಯುತ್ತಿದ್ದ ಹಸಿರು ಛಾಯೆಯೂ ಹೋಯಿತು. ಕಿಟಕಿಯಿಂದ ಬಿಸಿಲು ನೇರ ಬೀಳುತ್ತಿತ್ತು, ಅದಕ್ಕೆ ಅವರ ಮಾವನ ಬಿಳಿ ಧೋತರ ಅಡ್ಡ ಕಟ್ಟಿದೆವು. ಬೆಳಕು ಹಾಲಿನ ಹಾಗೆ ಹರಡಿತು. ದುಡ್ಡು ಕೊಟ್ಟು ಲೈಟ್ ತರುವುದೇ ಬೇಕಾಗಲಿಲ್ಲ.

ಪಾಠ ಶುರುವಾಯಿತು. ಕೈ ಎತ್ತಿ ಹೊಂಡದ ದಂಡೆಯ ಭೂತನಾಥ ಗುಡಿ ತೋರಿಸಿದರು. ಆಪ್‌ನಲ್ಲಿ ನೋಡಿದರೆ ತೋಳು ಒಂದು ಕಡೆ, ಅಂಗೈ ಒಂದು ಕಡೆ! ನಡುವೆ ನಾಲ್ಕು ಬೆರಳಗಲ ಹೊಂಡದ ನೀರು ಕಾಣುತ್ತಿತ್ತು. ಡಜನ್ ಹಸಿರು ಗಾಜಿನ ಬಳೆ ಹಾಕಿದ್ದರು ನೋಡಿ. ಆಪ್‌ಗೆ ಅದೂ ಬಟ್ಟೆಯೇ.

"ಬಳೆ ತೆಗೆದಿಡು" ಅಂದರು ಮನೆಯವರು. ಆಕೆ ಒಪ್ಪಲಿಲ್ಲ. ಸರಿಯಾಗೇ ಮಾಡಿದರು. ಬಳೆ ಯಾಕೆ ತೆಗೆಯಬೇಕು? ಬಟ್ಟೆ ಬದಲಿಸಿದರಾಯಿತು. ಅವರ ಸೀರೆಯಲ್ಲಿ ನೀಲಿ ಇರಲಿಲ್ಲ. ಪೇಟೆಯಿಂದ ಕಡು ನೀಲಿ ಹತ್ತಿ ಬಟ್ಟೆ ತರಿಸಿ ಕಟ್ಟಿದೆವು. ಈ ಸಲ ಕೈ, ಬಳೆ, ಕೆಂಪು ಸೆರಗು, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಆ ವಿಡಿಯೋ ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ. ಪರದೆ ಮೇಲೆ ನಿಮ್ಮ ಮುಖವನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ನೀವು ಅಲುಗಿದಾಗೆಲ್ಲ ಬೆಳಕು ಏರಿಳಿಯುತ್ತದೆ, ಹಸಿರೂ ಬದಲಾಗುತ್ತದೆ. ಮೊಬೈಲಿನಲ್ಲಾದರೆ ಕೈನ್‌ಮಾಸ್ಟರ್, ಕಂಪ್ಯೂಟರ್ ಇದ್ದರೆ ಒಬಿಎಸ್ ಸ್ಟುಡಿಯೋ. ಎರಡರಲ್ಲೂ ಕ್ರೋಮಾ ಕೀ, ಅಂದರೆ ಒಂದು ಬಣ್ಣವನ್ನು ತೆಗೆಯುವ ಸೌಲಭ್ಯ, ಇದೆ. ಒಬಿಎಸ್ ಪೂರ್ತಿ ಉಚಿತ.

ಅಂಗಡಿಗೆ ಹೋಗುವ ಮುಂಚೆ ಇಷ್ಟು ಮಾಡಿ. ಯಾವ ಬಟ್ಟೆ ಹಾಕಿಕೊಂಡು ವಿಡಿಯೋ ಮಾಡುತ್ತೀರೋ ಅದನ್ನೇ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಸೀರೆ ಅಂಚು, ಖಣದ ಕುಪ್ಪಸ, ಬಳೆ, ಎಲ್ಲ ನೋಡಿ. ಹಸಿರು ಕಂಡರೆ ನೀಲಿ ಬಟ್ಟೆ ತನ್ನಿ, ನೀಲಿ ಕಂಡರೆ ಹಸಿರು. ನಮಸ್ಕಾರ.