ಬೆಟ್ಟಗಳಿಗೆ ಮುಖ ಬರೆದ ಮೇಷ್ಟ್ರು

ಕೇಳುಗರಿಗೆ ನಮಸ್ಕಾರ. ಪೋಸ್ಟ್‌ಕಾರ್ಡ್ ಮಾರಿದ ದುಡ್ಡಲ್ಲಿ ಪೇಂಟರ್ ಆದವನೊಬ್ಬನ ಕಥೆ ಇವತ್ತು ಹೇಳುತ್ತೇನೆ.

ಎಮಿಲ್ ನೋಲ್ಡೆ ಅಂತ. ನೋಲ್ಡೆ ಅವನು ಹುಟ್ಟಿದ ಹಳ್ಳಿ, ಜರ್ಮನಿ ಡೆನ್ಮಾರ್ಕ್ ಗಡಿಯಲ್ಲಿದೆ. ನಿಜವಾದ ಹೆಸರು ಹಾನ್ಸ್ ಎಮಿಲ್ ಹಾನ್ಸೆನ್. ಹುಟ್ಟಿದ್ದು 1867ರಲ್ಲಿ, ರೈತರ ಮನೆಯಲ್ಲಿ. ಹುಡುಗ ಹೊಲ ಬಿಟ್ಟು ಫ್ಲೆನ್ಸ್‌ಬರ್ಗ್‌ಗೆ ಹೋಗಿ ಮರ ಕೆತ್ತೋದು ಕಲಿತ, ಆಮೇಲೆ ಫರ್ನಿಚರ್ ಕಾರ್ಖಾನೆಗಳಲ್ಲಿ ದುಡಿದ, 1892ರಲ್ಲಿ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್‌ನಲ್ಲಿ ಡ್ರಾಯಿಂಗ್ ಮೇಷ್ಟ್ರಾದ. ಸಂಬಳದ ಕೆಲಸ, ಸುತ್ತ ಆಲ್ಪ್ಸ್.

ಆ ಆಲ್ಪ್ಸ್‌ನಲ್ಲಿ ಒಂದು ಕಡೆ ಮೂರು ಶಿಖರ ಒಟ್ಟಿಗೆ ನಿಂತಿವೆ. ಐಗರ್, ಮೋಂಕ್, ಯುಂಗ್‌ಫ್ರೌ. ಮೋಂಕ್ ಅಂದರೆ ಸನ್ಯಾಸಿ, ಯುಂಗ್‌ಫ್ರೌ ಅಂದರೆ ಕನ್ಯೆ. ಹೆಸರೇ ಹೀಗಿದ್ದ ಮೇಲೆ ಮೇಷ್ಟ್ರು ಸುಮ್ನೆ ಇರುತ್ತಾರಾ? ಬೆಟ್ಟಗಳಿಗೆ ಮನುಷ್ಯರ ಮುಖ ಬರೆದ. ಬಂಡೆ ಹೋಗಿ ಮೂಗು ಬಂತು, ಹಣೆ ಬಂತು. ಅದೇ ಗುಂಗಿನಲ್ಲಿ ಎಣ್ಣೆಬಣ್ಣದಲ್ಲಿ ದೊಡ್ಡ ಚಿತ್ರ ಮಾಡಿ ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಯುವ ಪ್ರದರ್ಶನಕ್ಕೆ ಕಳಿಸಿದ, ಬೇಡ ಅಂತ ವಾಪಸ್ ಬಂತು. ಆದರೆ ಮುಖಗಳ ಕಾರ್ಡು ಅಚ್ಚು ಹಾಕಿಸಿದಾಗ ನೋಡಿ, ಹತ್ತು ದಿನದಲ್ಲಿ 1,00,000 ಪ್ರತಿ ಖಾಲಿ! ಕೈಗೆ 25,000 ಫ್ರಾಂಕ್ ಬಂತು. ಮೇಷ್ಟ್ರು ಕೆಲಸಕ್ಕೆ ಕೈಮುಗಿದ.

ಇಷ್ಟಾದರೂ ಹಾದಿ ಸಲೀಸಾಗಲಿಲ್ಲ. 1898ರಲ್ಲಿ ಮ್ಯೂನಿಕ್‌ನ ಕಲಾ ಅಕಾಡೆಮಿಗೆ ಸೇರಲು ಹೋದರೆ ಅಲ್ಲಿ ಕಲಿಸುತ್ತಿದ್ದ ಪೇಂಟರ್ ಫ್ರಾಂಜ್ ಫಾನ್ ಶ್ಟುಕ್ ಸೇರಿಸಿಕೊಳ್ಳಲಿಲ್ಲ. ವಯಸ್ಸು ಆಗಲೇ ಮೂವತ್ತು ದಾಟಿತ್ತು. ಮ್ಯೂನಿಕ್ ಪಕ್ಕದ ಡಾಖಾವ್‌ನಲ್ಲಿ ಪೇಂಟರ್ ಅಡಾಲ್ಫ್ ಹ್ಯೋಲ್ಸೆಲ್ ಹತ್ತಿರ ಕಲಿತ, ಪ್ಯಾರಿಸ್‌ಗೂ ಹೋಗಿಬಂದ. 1902ರಲ್ಲಿ ಡೆನ್ಮಾರ್ಕಿನ ನಟಿ ಆಡಾಳನ್ನು ಮದುವೆಯಾಗಿ, ಊರಿನ ಹೆಸರನ್ನೇ ತನ್ನದು ಮಾಡಿಕೊಂಡ. ಕಾರ್ಡಿನ ದುಡ್ಡು ಎಷ್ಟು ದಿನ ಬಂದೀತು? ಬಡತನ ಬಂತು, ಹೆಂಡತಿಗೆ ಕಾಯಿಲೆಯೂ ಬಂತು.

1906ರ ಫೆಬ್ರವರಿಯಲ್ಲಿ ಡ್ರೆಸ್ಡೆನ್‌ನಿಂದ ಒಂದು ಕಾಗದ ಬಂತು. ಬರೆದವನು ಕಾರ್ಲ್ ಶ್ಮಿಟ್ ರೊಟ್‌ಲುಫ್, 21 ವರ್ಷದ ಹುಡುಗ. ನಿಮ್ಮ ಬಣ್ಣಗಳು ಬಿರುಗಾಳಿ ಇದ್ದ ಹಾಗಿವೆ, ನಮ್ಮ ಗುಂಪಿಗೆ ಬನ್ನಿ ಅಂತ ಕರೆದಿದ್ದ. ಅದು ಪೇಂಟರ್‌ಗಳ ಗುಂಪು, ಹೆಸರು ಬ್ರ್ಯೂಕೆ, ಅಂದರೆ ಸೇತುವೆ. ಕಟ್ಟಿದವರು ನಾಲ್ಕು ಜನ, ಎಲ್ಲರೂ ಕಟ್ಟಡ ವಿದ್ಯೆ ಓದಲು ಬಂದ ಹುಡುಗರು.

ನೋಲ್ಡೆಗೆ ಆಗ 38. ಹೋದ. ಜಾಸ್ತಿ ದಿನ ನಿಲ್ಲಲಿಲ್ಲ, 1907ರಲ್ಲಿ ಹೊರಗೆ ಬಂದ, ಗುಂಪಿಗೆ ಒಗ್ಗುವ ಜೀವ ಅಲ್ಲ ಅದು. ಆದರೆ ಅಷ್ಟರಲ್ಲೇ ಕೊಡೋದು ತಗೊಳ್ಳೋದು ನಡೆದಿತ್ತು. ಇವನು ಆ ಹುಡುಗರಿಗೆ ಎಚ್ಚಿಂಗ್, ಅಂದರೆ ಲೋಹದ ತಗಡಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆದು ಅಚ್ಚು ಹಾಕೋದು, ತೋರಿಸಿಕೊಟ್ಟ. ಅವರು ಇವನಿಗೆ ಹಿಡಿಸಿದ ಹುಚ್ಚು ಯಾವುದು ಗೊತ್ತಾ? ಮರದ ಅಚ್ಚಿನ ಚಿತ್ರ. ಫ್ಲೆನ್ಸ್‌ಬರ್ಗ್‌ನಲ್ಲಿ ಮರ ಕೆತ್ತುತ್ತಿದ್ದವನು ಮತ್ತೆ ಉಳಿ ಹಿಡಿದು ಕೂತ.