ಗುಟ್ಟು ಬೆಲ್ಲದಲ್ಲಿಲ್ಲ, ಗೂಡಿನಲ್ಲಿದೆ

ನಮಸ್ಕಾರ ಸ್ನೇಹಿತರೇ, ಹಾಸನದಿಂದ. ಇವತ್ತು ಪೀಠಿಕೆ ಇಲ್ಲ. ಮೂರು ದಿನದಿಂದ ಒಂದು ಕಮೆಂಟ್ ನನ್ನ ತಲೆ ತಿನ್ನುತ್ತಿದೆ. ಅದಕ್ಕೆ ಉತ್ತರ ಕೊಡದೆ ನನಗೆ ನಿದ್ದೆ ಬರಲ್ಲ.

ಹೋದ ವಾರ ಶೆಟ್ಟಿಹಳ್ಳಿ ಚರ್ಚಿನ ವಿಡಿಯೋ ಹಾಕಿದ್ದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಅಲ್ಲಿಂದ ಇಲ್ಲಿಯವರೆಗೆ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಅಲ್ಲಲ್ಲಿ ಬಿದ್ದಿದೆ ನಿಜ. ಆದರೆ ಕಮಾನುಗಳು ಇನ್ನೂ ನಿಂತಿವೆ. ಇಂಥ ಹಳೇ ಕಟ್ಟಡಗಳ ಸುಣ್ಣದ ಗಾರೆ ಗಟ್ಟಿ ಇರುವುದು ಅದಕ್ಕೆ ಬೆರೆಸಿದ ಬೆಲ್ಲ, ಮೊಟ್ಟೆಯಿಂದ ಅಂತ ಜನ ಹೇಳುತ್ತಾರೆ. ಆ ವಿಡಿಯೋದಲ್ಲಿ ನಾನು ಎರಡೇ ನಿಮಿಷ ಸುಣ್ಣದ ಗೂಡಿನ ಬಗ್ಗೆ, ಅಂದರೆ ಸುಣ್ಣದ ಕಲ್ಲು ಸುಡುವ ಭಟ್ಟಿಯ ಬಗ್ಗೆ ಮಾತಾಡಿದ್ದೆ. ಅದಕ್ಕೆ ಒಬ್ಬರು ಬರೆದರು: "ಸಾರ್, ಬೆಲ್ಲ ಎಷ್ಟು, ಮೊಟ್ಟೆ ಎಷ್ಟು, ಅಷ್ಟು ಹೇಳಿ ಸಾಕು. ಗೂಡಿನ ಕಥೆ ಯಾರಿಗೆ ಬೇಕು? ಗುಂಡಿ ತೋಡಿ ಕಲ್ಲು ಸುಟ್ಟರೆ ಸುಣ್ಣ. ಅದರಲ್ಲೇನು ವಿದ್ಯೆ?" ಅದಕ್ಕೆ ಲೈಕ್ ಮೇಲೆ ಲೈಕ್.

ಅದರಲ್ಲೇನು ವಿದ್ಯೆ ಅಂತ ಕೇಳಿದಿರಲ್ವಾ? ತೋರಿಸುತ್ತೇನೆ. ಮೇಜಿನ ಮೇಲೆ ಎರಡು ಸ್ಟೀಲ್ ಬಟ್ಟಲು ಇಟ್ಟಿದ್ದೇನೆ. ಎರಡರಲ್ಲೂ ಒಂದೊಂದು ಸುಟ್ಟ ಸುಣ್ಣದ ಕಲ್ಲು. ಎರಡೂ ಹೆಚ್ಚು ಕಡಿಮೆ ನಿಂಬೆಹಣ್ಣಿನ ಗಾತ್ರ. ಎರಡೂ ಒಂದೇ ಗೂಡಿನಿಂದ ಬಂದವು. ಕನ್ನಡಕ ಹಾಕಿಕೊಂಡಿದ್ದೇನೆ, ನೀವು ಮಾಡಿದರೂ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಇದು ಎಲೆ ಅಡಿಕೆಗೆ ಹಚ್ಚುವ ಸುಣ್ಣ ಅಲ್ಲ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ.

ಮೊದಲನೇದಕ್ಕೆ ನೀರು ಹಾಕಿದೆ. ಒಂದು ಕ್ಷಣ ಏನೂ ಇಲ್ಲ, ನೀರು ಕುಡಿಯುತ್ತಿದೆ. ಈಗ ಕೇಳಿ, ಚುರ್ ಅಂತ ಶಬ್ದ. ಬಿರುಕು ಬಿಡ್ತು. ಹಬೆ ಏಳುತ್ತಿದೆ, ಬಟ್ಟಲು ಮುಟ್ಟೋಕಾಗಲ್ಲ. ನೋಡಿ, ಕಲ್ಲು ಹೂವಿನ ಹಾಗೆ ಅರಳಿ ಪುಡಿಯಾಯಿತು. ಸುಣ್ಣ ಅರಳಿಸುವುದು ಅಂತ ನಮ್ಮವರು ಹೇಳಿದ್ದು ಇದನ್ನೇ. ಎಂಥ ಮಾತು ನೋಡಿ!

ಎರಡನೇದಕ್ಕೂ ಅಷ್ಟೇ ನೀರು ಹಾಕಿದೆ. ಇಲ್ಲ. ಏನೂ ಇಲ್ಲ. ಸುಮ್ನೆ ಕೂತಿದೆ. ಅದು ಅಲ್ಲೇ ಇರಲಿ, ಆಮೇಲೆ ನೋಡೋಣ.

ಒಂದೇ ಕಲ್ಲು, ಒಂದೇ ನೀರು. ಇನ್ನೂ ಬೆಲ್ಲ ಬಂದಿಲ್ಲ, ಮೊಟ್ಟೆ ಬಂದಿಲ್ಲ, ಮೇಸ್ತ್ರಿ ಬಂದಿಲ್ಲ. ಆಗಲೇ ಒಂದು ಪಾಸು, ಒಂದು ಫೇಲು. ತೀರ್ಮಾನ ಎಲ್ಲಿ ಆಯ್ತು? ಗೂಡಿನಲ್ಲಿ. ಗುಟ್ಟು ಬೆಲ್ಲದಲ್ಲಿಲ್ಲ, ಗೂಡಿನಲ್ಲಿದೆ.

ಈಗ ಗೂಡಿನ ಒಳಗೆ ಹೋಗೋಣ. ಸುಣ್ಣದ ಕಲ್ಲು 900 ಡಿಗ್ರಿ ಹತ್ತಿರ ಕಾದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಬಿಟ್ಟು ಹೋಗುತ್ತದೆ. 100 ಕೆಜಿ ಶುದ್ಧ ಕಲ್ಲು ಹಾಕಿದರೆ ಕೈಗೆ ಸಿಗುವುದು 56 ಕೆಜಿ. ಉಳಿದ 44 ಕೆಜಿ ಗಾಳಿಗೆ ಹೋಯಿತು. ಅದಕ್ಕೇ ಚೆನ್ನಾಗಿ ಸುಟ್ಟ ಕಲ್ಲು ಕೈಯಲ್ಲಿ ಹಿಡಿದರೆ ಹಗುರ. ಶಾಖ ಕಡಿಮೆಯಾದರೆ ಮೇಲೆ ಸುಣ್ಣ, ಒಳಗೆ ಹಸಿ ಕಲ್ಲು. ಅರ್ಧ ಬೆಂದ ಆಲೂಗಡ್ಡೆ ಹಾಗೆ. ಜಾಸ್ತಿಯಾದರೆ ಕಲ್ಲು ಕುಗ್ಗಿ, ಬಿಗಿದು, ನೀರೇ ಒಳಗೆ ಹೋಗದ ಹಾಗೆ ಗಟ್ಟಿಯಾಗುತ್ತದೆ. ನಮ್ಮ ಎರಡನೇ ಬಟ್ಟಲಿನ ಮಹಾಶಯ ಅದೇ.

ಈ ಎರಡರ ನಡುವೆ ಇರುವ ಜಾಗ ಬಹಳ ಕಿರಿದು. ಥರ್ಮಾಮೀಟರ್ ಇಲ್ಲದೆ, ಕರೆಂಟ್ ಇಲ್ಲದೆ, ಸೌದೆ ಮತ್ತು ಗಾಳಿ ಇಟ್ಟುಕೊಂಡು ಆ ಕಿರಿದಾದ ಜಾಗದಲ್ಲಿ ಬೆಂಕಿಯನ್ನು ನಿಲ್ಲಿಸಬೇಕು. ಇದಕ್ಕೆ ಗುಂಡಿ ಅಂತೀರಾ?

ದಿಬ್ಬಕ್ಕೆ ಒರಗಿಸಿ ಕಟ್ಟಿದ ಗೂಡನ್ನು ನೋಡಿ. ಯಾಕೆ ದಿಬ್ಬಕ್ಕೆ ಒರಗಿಸುತ್ತಾರೆ? ಹಿಂದಿನಿಂದ ಬುಟ್ಟಿ ಹೊತ್ತು ನಡೆದು ಬಂದು ಮೇಲಿನ ಬಾಯಿಗೆ ಸುರಿಯಬಹುದು, ಏಣಿ ಬೇಕಿಲ್ಲ. ಮಣ್ಣಿನ ದಿಬ್ಬ ಶಾಖವನ್ನೂ ಹಿಡಿದಿಡುತ್ತದೆ. ಗೋಡೆ ದಪ್ಪ, ಒಳಗೆ ಇಟ್ಟಿಗೆ ಇಲ್ಲವೇ ಮಣ್ಣಿನ ಲೇಪ. ಬುಡದಲ್ಲಿ ಕಂಡಿ. ಗಾಳಿ ಒಳಗೆ ಬರುವುದು ಅಲ್ಲಿಂದ, ಸುಟ್ಟ ಸುಣ್ಣ ಎಳೆಯುವುದೂ ಅಲ್ಲಿಂದಲೇ. ಒಂದು ಪದರ ಸೌದೆ ಅಥವಾ ಇದ್ದಿಲು, ಒಂದು ಪದರ ಕಲ್ಲು, ಮತ್ತೆ ಸೌದೆ, ಮತ್ತೆ ಕಲ್ಲು.

ಇಲ್ಲಿ ನಾನು ತಲೆಬಾಗುವ ಸಂಗತಿ ಒಂದಿದೆ. ನಿಲ್ಲದೆ ಉರಿಯುವ ಗೂಡಿನಲ್ಲಿ ಕಲ್ಲು ಕೆಳಗೆ ಇಳಿಯುತ್ತದೆ, ಗಾಳಿ ಮೇಲೆ ಹತ್ತುತ್ತದೆ. ಕೆಳಗಿನ ಕಂಡಿಯಿಂದ ಬಂದ ತಣ್ಣನೆ ಗಾಳಿ ಆಗಲೇ ಸುಟ್ಟ ಸುಣ್ಣದ ಮೈ ಸವರಿಕೊಂಡು ಹೋಗುತ್ತದೆ. ಸುಣ್ಣ ಆರುತ್ತದೆ, ಗಾಳಿ ಬಿಸಿಯಾಗುತ್ತದೆ. ಆ ಬಿಸಿ ಗಾಳಿ ನಡುವಿನ ಬೆಂಕಿಗೆ ಸೇರುತ್ತದೆ. ಅಲ್ಲಿಂದ ಏಳುವ ಹೊಗೆ ಮೇಲೆ ಹೊಸದಾಗಿ ಸುರಿದ ಹಸಿ ಕಲ್ಲನ್ನು ಕಾಯಿಸಿ ಹೊರಗೆ ಹೋಗುತ್ತದೆ. ಶಾಖ ಪೋಲಾಗದ ಹಾಗೆ ನೋಡಿಕೊಂಡಿದ್ದಾರೆ! ಇದನ್ನು ಕಟ್ಟಿದವರು ಕಾಲೇಜು ಮೆಟ್ಟಿಲು ಹತ್ತಿರಲಿಲ್ಲ.

ಕಲ್ಲಿನ ಗಾತ್ರವೂ ಹಾಗೇ. ಮುಷ್ಟಿ ಗಾತ್ರಕ್ಕೆ ಒಡೆಯಬೇಕು, ಎಲ್ಲವೂ ಒಂದೇ ಸಮ ಇರಬೇಕು. ಸಣ್ಣದು ದೊಡ್ಡದು ಬೆರೆತರೆ ಸಣ್ಣದು ಸೀದುಹೋಗುತ್ತದೆ, ದೊಡ್ಡದು ಬೇಯುವುದೇ ಇಲ್ಲ. ಪುಡಿ ಸೇರಿದರೆ ಗಾಳಿಯ ದಾರಿ ಕಟ್ಟಿಕೊಂಡು ಗೂಡು ಉಸಿರುಗಟ್ಟುತ್ತದೆ. ಸೌದೆಯ ಬೆಂಕಿ ಉದ್ದ ನಾಲಿಗೆ ಚಾಚಿ ಎಲ್ಲ ಕಡೆ ನಿಧಾನ ಹಬ್ಬುತ್ತದೆ. ಕಲ್ಲಿದ್ದಲು ಒಂದೇ ಕಡೆ ಭಗ್ಗನೆ ಕಾಯುತ್ತದೆ, ಬೂದಿ ಬೇರೆ ಮೆತ್ತುತ್ತದೆ. ಮೊದಲು ದಟ್ಟ ಹೊಗೆ, ಅದು ಕಲ್ಲು ಸೌದೆಗಳ ತೇವ. ಆಮೇಲೆ ಹೊಗೆ ತಿಳಿಯಾಗುತ್ತದೆ. ರಾಶಿ ತಾನಾಗಿ ಕುಸಿಯುತ್ತದೆ. ಸುಣ್ಣಗಾರರು ಓದುತ್ತಿದ್ದ ಪುಸ್ತಕ ಅದು. ಇನ್ನೊಂದು ಮಾತು, ಚಳಿ ಅಂತ ಗೂಡಿನ ಪಕ್ಕ ಯಾರೂ ಮಲಗಬಾರದು. ಅಲ್ಲಿಂದ ಬರುವ ಗಾಳಿ ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ಮಲಗಿದವರು ಏಳುವುದಿಲ್ಲ.

ಹಾಂ, ಇಷ್ಟು ಕೇಳಿದ ಮೇಲೂ ಸಬ್‌ಸ್ಕ್ರೈಬ್ ಆಗದೆ ಇರುವವರು ದಯವಿಟ್ಟು ಆಗಿ. ಇಂಥ ವಿಷಯ ಕನ್ನಡದಲ್ಲಿ ಮಾತಾಡುವವರು ಕಮ್ಮಿ. ಆ ಗಂಟೆಯ ಗುರುತನ್ನು ನೀವು ಒಮ್ಮೆ ಒತ್ತಿದರೆ ನನಗೆ ದೊಡ್ಡ ಬಲ.

ಈಗ ನನ್ನ ಹೊಟ್ಟೆ ಉರಿದ ಕಥೆ. ಆಲೂರು ಕಡೆ ನಮ್ಮ ತಾತನ ಮನೆ ಇದೆ, ಮಣ್ಣಿನ ಗೋಡೆ. ಎರಡು ವರ್ಷದ ಹಿಂದೆ ಪಡಸಾಲೆಗೆ ಹೊಸದಾಗಿ ಗಾರೆ ಮಾಡಿಸಿದೆ. ಸುಟ್ಟ ಸುಣ್ಣ ಒಬ್ಬ ವ್ಯಾಪಾರಿ ಹತ್ತಿರ ತಂದೆ. ಅರಳಿಸಿ ಒಂದು ವಾರ ಇಟ್ಟೆವು. ಬೆಲ್ಲದ ನೀರು, ಅಳಲೆಕಾಯಿ ನೀರು, ಎಲ್ಲ ಹಾಕಿದೆವು. ಗೋಡೆ ಬೆಣ್ಣೆ ಹಾಗೆ ಬಂತು. ಅತ್ತೆ ಮುಟ್ಟಿ ನೋಡಿ, "ನಿಮ್ಮ ತಾತನ ಕಾಲದ ಹಾಗೇ ಆಯ್ತಲ್ಲೋ" ಅಂದರು.

ಎರಡು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ನೋಡಿದರೆ ಗೋಡೆಗೆ ಸಿಡುಬು ಎದ್ದ ಹಾಗೆ ಗುಳಿಗಳು. ಎಂಟಾಣೆ ಗಾತ್ರ. ಟಾರ್ಚ್ ಹಿಡಿದು ಹತ್ತಿರ ಹೋದೆ. ಪ್ರತಿ ಗುಳಿಯ ತಳದಲ್ಲಿ ಅಕ್ಕಿ ನುಚ್ಚಿನಷ್ಟು ಬೆಳ್ಳನೆ ಚುಕ್ಕೆ. ಉಗುರು ತಾಗಿಸಿದರೆ ಪುಡಿ. ಒಂದೇ ಗೋಡೆಯಲ್ಲಿ ನಲವತ್ತೊಂದು ಎಣಿಸಿದೆ. ಅವೆಲ್ಲ ಜಾಸ್ತಿ ಸುಟ್ಟ ಚೂರುಗಳು. ತೊಟ್ಟಿಯಲ್ಲಿ ಅರಳಲಿಲ್ಲ, ಗೋಡೆಗೆ ಹೋದ ಮೇಲೆ ಮಲೆನಾಡಿನ ತೇವ ಕುಡಿದು ನಿಧಾನವಾಗಿ ಉಬ್ಬಿದವು. ಉಬ್ಬಿ ಮೇಲಿನ ಗಾರೆಯನ್ನು ಸಿಡಿಸಿದವು.

ಮೇಸ್ತ್ರಿಯನ್ನು ಕರೆಸಿದೆ. ಅವರು ಏನಂದರು ಗೊತ್ತಾ? "ಬೆಲ್ಲ ಕಮ್ಮಿ ಆಯ್ತು ಸಾರ್."

ಬೆಲ್ಲ! ಬೆಲ್ಲ ಕಮ್ಮಿ ಆಗಿದ್ದಕ್ಕೆ ಗೋಡೆ ಸಿಡಿಯುತ್ತದಾ? ಬೆಲ್ಲದ ನೀರು ಗಾರೆಯನ್ನು ಮೆದು ಮಾಡುತ್ತದೆ, ಕರಣೆ ಸಲೀಸಾಗಿ ಓಡುತ್ತದೆ. ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ಸೀದುಹೋದ ಸುಣ್ಣವನ್ನು ಬೆಲ್ಲ ಸರಿ ಮಾಡಲ್ಲ. ಸೀದ ಅನ್ನಕ್ಕೆ ತುಪ್ಪ ಸುರಿದರೆ ಸೀದ ವಾಸನೆ ಹೋಗುತ್ತದಾ? ಗುಟ್ಟು ಗೂಡಿನಲ್ಲಿದೆ ಸ್ವಾಮಿ, ಗೂಡಿನಲ್ಲಿದೆ!

ಇನ್ನೊಬ್ಬರು ಬರೆದಿದ್ದಾರೆ, "ಅರಳಿಸಿ ತಿಂಗಳುಗಟ್ಟಲೆ ನೀರಲ್ಲಿ ಇಟ್ಟು, ಜರಡಿ ಹಿಡಿದಿದ್ದರೆ ಹೀಗಾಗುತ್ತಿರಲಿಲ್ಲ." ಸರಿ, ಒಪ್ಪಿದೆ, ನಾನು ಇಡಬೇಕಿತ್ತು. ಆದರೆ ಜರಡಿ ಹಿಡಿಯುವುದು ಯಾಕೆ? ಗೂಡಿನಲ್ಲಿ ಕೆಟ್ಟದ್ದನ್ನು ಆರಿಸಿ ಎಸೆಯುವುದಕ್ಕೆ! ಸುತ್ತಿ ಬಳಸಿ ನನ್ನ ಮಾತಿಗೇ ಬಂದಿರಿ.

"ಬೇಲೂರು ದೇವಸ್ಥಾನ 1117ರದ್ದು, ಅಲ್ಲಿ ಸುಣ್ಣ ಎಲ್ಲಿದೆ?" ಇದು ಮೂರನೆಯವರದ್ದು. ಅದು ಬಳಪದ ಕಲ್ಲು ಕಣ್ರೀ, ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ತಲೆ ಎತ್ತಿ ಬಾಗಿಲ ಗೋಪುರ ನೋಡಿ. 1397ರಲ್ಲಿ ವಿಜಯನಗರದವರ ಕಾಲದಲ್ಲಿ ಮತ್ತೆ ಕಟ್ಟಿಸಿದ್ದು, ಇಟ್ಟಿಗೆ ಗಾರೆಯದ್ದು. ಸಕಲೇಶಪುರದ ಮಂಜರಾಬಾದ್ ಕೋಟೆ 1792ರದ್ದು, ಕಲ್ಲಿನ ನಡುವೆ ಸುಣ್ಣದ ಗಾರೆ. ಸಕಲೇಶಪುರದ ಮಳೆ ಎಂಥದ್ದು ಅಂತ ನಾನು ನಿಮಗೆ ಹೇಳಬೇಕಾ?

ತೋಟದವರು ಕೇಳಿ, ಇದು ಮನೆ ಕಟ್ಟುವವರ ಮಾತು ಮಾತ್ರ ಅಲ್ಲ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ತೋಟದ ಹುಳಿ ಮಣ್ಣಿಗೆ ಸುಣ್ಣ ಹಾಕಿ ಅಂತ ಅಲ್ಲಿಯವರು ಹೇಳುತ್ತಲೇ ಇದ್ದಾರೆ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡುತ್ತೀರಲ್ವಾ? ಚಾಕು ಕೆಂಪಾದರೆ ಸುಣ್ಣ ಸಾಲದು ಅಂತ. ತೂಕ ಸರಿ ಇದ್ದರೂ ಚಾಕು ಯಾಕೆ ಕೆಂಪಾಗುತ್ತದೆ? ನೀವು ತಂದ 1 ಕೆಜಿಯಲ್ಲಿ ಹಸಿ ಕಲ್ಲಿನ ತಿರುಳೂ ಸೇರಿರಬಹುದು, ಅದು ಸುಣ್ಣವೇ ಅಲ್ಲ! ಅದೇ ಚೂರು ನಾಜಲ್‌ಗೆ ಸಿಕ್ಕಿಕೊಂಡಾಗ, ಮರದ ತುದಿಯಲ್ಲಿರುವ ಕೊನೆಗಾರ ಕೂಗಿ ಬೈಯುವುದು ಯಾರನ್ನು? ನಿಮ್ಮನ್ನು. ಬೈಯಬೇಕಾದ್ದು ಗೂಡನ್ನು.

"ಗೂಡು ಹಾಕೋಕೆ ಕಾಡು ಕಡಿಬೇಕಾ ಸಾರ್?" ಅಂತ ಕೇಳುವವರಿದ್ದಾರೆ. ಪ್ರತಿ ವರ್ಷ ಮರಗಸಿ ಮಾಡಿ, ಅಂದರೆ ತೋಟದ ನೆರಳಿನ ಮರ ಸವರಿ, ಬೀಳುವ ಕೊಂಬೆಗಳನ್ನು ಏನು ಮಾಡುತ್ತಿದ್ದೀರಿ? ಕಿತ್ತ ಹಳೇ ಕಾಫಿ ಗಿಡದ ಬುಡಗಳನ್ನು? ಕಾಡಿನ ಒಂದು ಕಡ್ಡಿಯೂ ಬೇಡ. ಸಿಮೆಂಟ್ ಸುಡುವುದಕ್ಕೆ 1450 ಡಿಗ್ರಿ ಬೇಕು, ಅಲ್ಲಿನ ಹೊಗೆ ಯಾರೂ ಕೇಳಲ್ಲ. ಸುಣ್ಣ ಗೋಡೆಯಲ್ಲಿ ಗಟ್ಟಿಯಾಗುವಾಗ ತಾನು ಬಿಟ್ಟ ಇಂಗಾಲದಲ್ಲಿ ಒಂದಿಷ್ಟನ್ನು ಗಾಳಿಯಿಂದ ವಾಪಸ್ ತೆಗೆದುಕೊಳ್ಳುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂದರೆ ಇದೇ. ಸಿಮೆಂಟಿಗೆ ಬೆಣ್ಣೆ, ಸುಣ್ಣಕ್ಕೆ ಸುಣ್ಣ!

"ಸಿಮೆಂಟ್ ಒಂದೇ ದಿನಕ್ಕೆ ಗಟ್ಟಿ ಸಾರ್." ಆಗಲಿ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದು ಮೂರು ಮಳೆಗಾಲ ಆದ ಮೇಲೆ ಫೋಟೋ ಕಳಿಸಿ, ನಾನು ಕಾಯುತ್ತೇನೆ.

ನನಗೆ ಕೋಪ ಬರುವುದು ಯಾಕೆ ಗೊತ್ತಾ? ಬೆಲ್ಲ ಅಂದರೆ ಎಲ್ಲರಿಗೂ ಖುಷಿ. ಮೊಟ್ಟೆ ಅಂದರೆ ಆಶ್ಚರ್ಯ, ಶೇರ್ ಮಾಡುತ್ತಾರೆ. ಆದರೆ ರಾತ್ರಿಯೆಲ್ಲ ಕಂಡಿ ಮುಂದೆ ಕೂತು, ಇಷ್ಟು ತೆರೆದು ಇಷ್ಟು ಮುಚ್ಚಿ, ಬೆಂಕಿ ಕಾದವನ ಹೆಸರು ಯಾರೂ ಎತ್ತಲ್ಲ. ಅವನ ಕಣ್ಣು ಕೆಂಪು, ಅಂಗೈ ಬಿರಿದಿದೆ. ಅವನಿಗೆ "ಗುಂಡಿ ತೋಡಿದ್ದು" ಅಂತೀರಾ? ತಪ್ಪು. ಶುದ್ಧ ತಪ್ಪು. ಗುಟ್ಟು ಅವನ ಗೂಡಿನಲ್ಲಿತ್ತು! ಬೆಲ್ಲದಲ್ಲಲ್ಲ!

ಮುಂದಿನ ತಿಂಗಳು ನಮ್ಮ ತೋಟದ ದಿಬ್ಬದಲ್ಲಿ ಒಂದು ಸಣ್ಣ ಗೂಡು ಕಟ್ಟಿ ಸುಡುತ್ತೇವೆ, ಲೈವ್ ಬರುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಹಳೇ ಗೂಡು ಎಲ್ಲಾದರೂ ಪೊದೆ ಬೆಳೆದು ಮುಚ್ಚಿಹೋಗಿದ್ದರೆ ಜಾಗ ಬರೆದು ತಿಳಿಸಿ, ನಾನೇ ಬಂದು ನೋಡುತ್ತೇನೆ. ನಿಮ್ಮ ಮನೆಯಲ್ಲಿ ಗೂಡು ಉರಿಸಿದ ಹಿರಿಯರು ಇದ್ದರೆ ಅವರ ಜೊತೆ ಕೂತು ಮಾತಾಡಬೇಕು ನನಗೆ. ಖಂಡಿತ ಹೇಳಿ.

ಎರಡನೇ ಬಟ್ಟಲು ನೋಡೋಣ. ಇಷ್ಟು ಹೊತ್ತಾಯಿತು, ಇನ್ನೂ ಹಾಗೇ ಇದೆ. ಬಟ್ಟಲು ತಣ್ಣಗಿದೆ, ಮುಟ್ಟಿ ತೋರಿಸುತ್ತೇನೆ. ನಾನು ಮಾತು ನಿಲ್ಲಿಸುತ್ತೇನೆ, ಕ್ಯಾಮೆರಾ ಇದರ ಮೇಲೆ ಹಾಗೇ ಬಿಟ್ಟಿರುತ್ತೇನೆ. ಗುಂಡಿ ಅಂದ ಸ್ನೇಹಿತರೇ, ನೀವೂ ಕೂತು ನೋಡಿ. ಇದು ಯಾವಾಗ ಬಿರಿಯುತ್ತದೋ, ಆ ಹೊತ್ತನ್ನು ಕಮೆಂಟಿನಲ್ಲಿ ನೀವೇ ಬರೆಯಿರಿ.