ಬ್ಲೇಡಿನ ಬಲಮುಂಭಾಗ: ಕಳೆ ಕೊಚ್ಚುವ ಯಂತ್ರದ ಬಳಕೆಯಲ್ಲಿ ಎಚ್ಚರ

ಮಾನ್ಯ ಕೃಷಿಕ ಬಂಧುಗಳೇ,

ಮಳೆ ತುಸು ಹೊಳವಾದೊಡನೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮ ಅಡಿಕೆ ತೋಟಗಳಲ್ಲಿ ಕೇಳಿಬರುವುದು ಕಳೆ ಕೊಚ್ಚುವ ಯಂತ್ರದ ಸದ್ದು. ಆಳುಗಳು ಸಿಗದ ಕಾರಣ ಕತ್ತಿ ಹಿಡಿದು ಹುಲ್ಲು ಸವರುವ ಕೆಲಸವನ್ನು ನಾವು ಅದಕ್ಕೆ ಒಪ್ಪಿಸಿದ್ದೇವೆ. ಆದರೆ ನೈಲಾನ್ ರೋಪು ಕಳಚಿ ಲೋಹದ ಬ್ಲೇಡು ಸಿಕ್ಕಿಸುವಾಗ, ಕೈಯಲ್ಲಿರುವುದು ಬೇರೆಯೇ ಯಂತ್ರವಾಯಿತೆಂಬುದನ್ನು ಮರೆಯುತ್ತೇವೆ. ರೋಪು ಮುರಕಲ್ಲಿಗೆ ಬಡಿದರೆ ತುಂಡಾಗುತ್ತದೆ, ಅಷ್ಟೆ. ಬ್ಲೇಡು ಬಡಿದರೆ ಆ ಪೆಟ್ಟೆಲ್ಲ ಯಂತ್ರಕ್ಕೆ, ಅದರ ಮೂಲಕ ಅದನ್ನು ಹಿಡಿದವನಿಗೆ.

255 ಮಿಲಿಮೀಟರ್ ಅಗಲದ ಬ್ಲೇಡು ನಿಮಿಷಕ್ಕೆ 7000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 330 ಕಿಲೋಮೀಟರ್ ಮೀರುತ್ತದೆ. ಈ ವೇಗದಲ್ಲಿ ಹಲ್ಲು ಯಾವ ಜಾಗದಲ್ಲಿ ಗಟ್ಟಿ ವಸ್ತುವನ್ನು ಮುಟ್ಟುತ್ತದೆ ಎಂಬುದೇ ಮುಖ್ಯ. ಬ್ಲೇಡನ್ನು ಗಡಿಯಾರದ ಮುಖವೆಂದು ಭಾವಿಸಿ, 12 ನಿಮ್ಮ ನೇರ ಎದುರಿಗಿರಲಿ. ಸಾಮಾನ್ಯವಾಗಿ ಈ ಯಂತ್ರಗಳ ಬ್ಲೇಡು ಮೇಲಿನಿಂದ ನೋಡಿದರೆ ಎಡಸುತ್ತಾಗಿ ತಿರುಗುತ್ತದೆ. ಆದ್ದರಿಂದ 12ರಿಂದ 3ರವರೆಗಿನ ಬಲಮುಂಭಾಗ ಕುತ್ತಿಗೋ (ಕಡಿದ ಗಿಡಮರದ ಉಳಿದ ಬುಡ) ಕಲ್ಲಿಗೋ ತಾಗಿದರೆ ಯಂತ್ರ ಬಲಕ್ಕೂ ಹಿಂದಕ್ಕೂ ಒಮ್ಮೆಲೇ ಎಗರುತ್ತದೆ. ಎಡಮುಂಭಾಗದಿಂದ, ಅಂದರೆ 8ರಿಂದ 11ರ ನಡುವಿನಿಂದ, ಬಲದಿಂದ ಎಡಕ್ಕೆ ಬೀಸುತ್ತ ಕೊಯ್ಯುವುದೇ ಕ್ರಮ.

ಇದನ್ನು ನಾನು ಕಲಿತದ್ದು ಓದಿ ಅಲ್ಲ. ಗುಡ್ಡೆಯ ಬದಿಯಲ್ಲಿ ಕಮ್ಯುನಿಸ್ಟ್ ಗಿಡವೆಂಬ ಕಳೆಯನ್ನು ಸವರುತ್ತಿದ್ದಾಗ, ಎಡಕ್ಕೆ ಬೀಸಿದ ಬ್ಲೇಡನ್ನು ಎಂಜಿನ್ ವೇಗ ಇಳಿಸದೆ ಹಾಗೆಯೇ ಬಲಕ್ಕೆ ತರುವಾಗ, ಹುಲ್ಲಿನೊಳಗೆ ಅಡಗಿದ್ದ ಹಳೆಯ ಕುತ್ತಿಯೊಂದಕ್ಕೆ ಅದು ತಾಗಿತು. ಏನಾಯಿತೆಂದು ತಿಳಿಯುವ ಮೊದಲೇ ನಾನು ಅರ್ಧಸುತ್ತು ತಿರುಗಿ ನಿಂತಿದ್ದೆ. ಕಾಲು ಉಳಿದದ್ದು ಯಂತ್ರದ ಸೈಕಲ್ ಹ್ಯಾಂಡಲಿನಂತಹ ಅಗಲ ಹಿಡಿಯಿಂದಾಗಿ ಮತ್ತು ಯಂತ್ರವನ್ನು ಮೈಗೆ ತೂಗಿಸಲು ಸೊಂಟಕ್ಕೆ ಸರಿಯಾಗಿ ಬಿಗಿದಿದ್ದ ಬೆಲ್ಟಿನಿಂದಾಗಿ. ಬೆಲ್ಟು ಸೆಕೆಯಲ್ಲಿ ಕಿರಿಕಿರಿಯೆಂದು ಕಳಚಿಡುವವರನ್ನು ಕಂಡಾಗ ನನಗೆ ಆ ಕುತ್ತಿಯ ನೆನಪಾಗುತ್ತದೆ. ಬಳೆಯಾಕಾರದ ಸಣ್ಣ ಹಿಡಿಯುಳ್ಳ ಯಂತ್ರಕ್ಕೆ ಕಾಲು ಬ್ಲೇಡಿನತ್ತ ಹೋಗದಂತೆ ತಡೆಯುವ ಅಡ್ಡಸರಳಿಲ್ಲದೆ ಬ್ಲೇಡು ಹಾಕಲೇಬಾರದು.

ಕೆಲಸಕ್ಕೆ ಮೊದಲು ಆ ಜಾಗದಲ್ಲಿ ಒಮ್ಮೆ ನಡೆದು ಬರಬೇಕು. ಕಣಿಯ (ತೋಟದ ನೀರುಕಾಲುವೆ) ಬದಿಯ ಕಲ್ಲು, ತುಂಡಾದ ಬೇಲಿ ತಂತಿ, ಸ್ಪ್ರಿಂಕ್ಲರಿನ ಪೈಪು ಇವೆಲ್ಲ ಮಳೆಗಾಲದ ಹುಲ್ಲಿನಲ್ಲಿ ಕಾಣುವುದಿಲ್ಲ. ಕೊಚ್ಚುವವನ ಸುತ್ತ 15 ಮೀಟರಿನೊಳಗೆ ಯಾರೂ ಇರಬಾರದು; ಚಹಾಕ್ಕೆ ಕರೆಯಲು ಬಂದವರು ಹಿಂದಿನಿಂದ ಹೆಗಲು ಮುಟ್ಟದೆ, ದೂರದಲ್ಲಿ ಎದುರಿಗೆ ನಿಂತು ಕೈಬೀಸಬೇಕು, ಏಕೆಂದರೆ ಕರೆಗೆ ತಿರುಗುವವನ ಜೊತೆ ಬ್ಲೇಡೂ ತಿರುಗುತ್ತದೆ. ಕನ್ನಡಕ, ಮುಖದ ಶೀಲ್ಡು, ಗಂಬೂಟುಗಳ ವಿಷಯ ನಿಮಗೆ ಗೊತ್ತಿದ್ದದ್ದೇ. ಆಕ್ಸಿಲರೇಟರ್ ಬಿಟ್ಟ ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಎಂಜಿನ್ ನಿಧಾನಗತಿಯಲ್ಲಿ ಸುಮ್ಮನೆ ಓಡುವಾಗಲೂ ಅದು ನಿಲ್ಲದಿದ್ದರೆ ಕಾರ್ಬುರೇಟರ್ ಸರಿಪಡಿಸಿದ ಮೇಲೆಯೇ ಬಳಸಬೇಕು. ಸುತ್ತಿಕೊಂಡ ಬಳ್ಳಿಯನ್ನು ಬಿಡಿಸುವಾಗ ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನೂ ತೆಗೆಯಬೇಕು.

ಬ್ಲೇಡಿನ ನಟ್ಟಿನ ಮರೆ (ಸುರುಳಿ ಗೆರೆ) ಎಡಮರೆ, ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಇದನ್ನರಿಯದೆ ಬಲವೆಲ್ಲ ಹಾಕಿ ಇನ್ನಷ್ಟು ಬಿಗಿದು, ಮರೆ ಕೆಡಿಸಿಕೊಳ್ಳುವವರಿದ್ದಾರೆ. ನಟ್ಟು ತಿರುಗಿಸುವಾಗ ಬ್ಲೇಡು ಅಲುಗದಂತೆ ಗೇರ್ ಬಾಕ್ಸಿನ ತೂತಿಗೆ ಹಾಕಿದ ತಡೆಕಂಬಿಯನ್ನು ಯಂತ್ರ ಚಾಲೂ ಮಾಡುವ ಮೊದಲು ಮರೆಯದೆ ತೆಗೆಯಬೇಕು.

ಕಲ್ಲಿಗೆ ತಾಗಿದ ಬ್ಲೇಡನ್ನು ಕಳಚಿ ಬೆಳಕಿಗೆ ಹಿಡಿದು, ಮುಖ್ಯವಾಗಿ ಹಲ್ಲಿನ ಬುಡ ಮತ್ತು ನಡುತೂತಿನ ಅಂಚು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅದರ ಆಯುಷ್ಯ ಮುಗಿಯಿತು. ಅದಕ್ಕೆ ವೆಲ್ಡಿಂಗ್ ಮಾಡಿಸುವುದು, ಬಗ್ಗಿದ್ದನ್ನು ಬಡಿದು ನೇರ ಮಾಡುವುದು ಎರಡೂ ಸಲ್ಲದು. ಅಂತಹ ಬ್ಲೇಡನ್ನು ಇನ್ನೊಬ್ಬರು ಎತ್ತಿ ಸಿಕ್ಕಿಸಬಾರದೆಂದು, ಗುಜರಿಗೆ ಹಾಕುವ ಮೊದಲು ನಾನು ಗ್ರೈಂಡರಿನಿಂದ ಅದನ್ನು ಎರಡು ಹೋಳು ಮಾಡಿಸುತ್ತೇನೆ.